ಸತ್ತವರ ಹೆಸರಿನ ಪಹಣಿ, ಬದುಕಿದ್ದವರ ಓಟು

ತಳಕಲ್ಲಿನ ಹಿರಿಯರೇ, ಅಕ್ಕ-ತಂಗಿಯರೇ, ಹಕ್ಕಿದ್ದೂ ಪಹಣಿಯಲ್ಲಿ ಹೆಸರಿಲ್ಲದ ಎಲ್ಲರೇ,

ನಮ್ಮ ಗ್ರಾಮ ಪಂಚಾಯಿತಿಗಳನ್ನು 2020ರ ಡಿಸೆಂಬರ್‌ನಲ್ಲಿ ಐದು ವರ್ಷಕ್ಕೆಂದು ಆರಿಸಿದ್ದೆವು. ಮುಂದಿನ ಚುನಾವಣೆಗೆ ಮತ ಕೇಳುತ್ತ ಕಟ್ಟೆಗೆ ಬರುವವರು ರಸ್ತೆ, ಚರಂಡಿ, ಆಶ್ರಯ ಮನೆ ಎಲ್ಲದರ ಮಾತಾಡುತ್ತಾರೆ. ಆಡಲಿ. ಅದರ ಜೊತೆಗೆ ಅವರಿಗೆ ಒಂದು ಪ್ರಶ್ನೆ ಕೇಳಿರೆಂದು ನಿಮ್ಮಲ್ಲಿ ಬೇಡಲು ಇದನ್ನು ಬರೆಯುತ್ತಿದ್ದೇನೆ. ಸತ್ತವರ ಹೆಸರಿನಲ್ಲೇ ಉಳಿದುಬಿಟ್ಟ ಹೊಲ-ಮನೆಗಳು ಎಲ್ಲ ವಾರಸುದಾರರ ಹೆಸರಿಗೆ, ಹೆಣ್ಣುಮಕ್ಕಳೂ ಸೇರಿದಂತೆ, ಬರುವ ಹಾಗೆ ನೀವು ಯಾರ ಮುಲಾಜಿಗೂ ಒಳಗಾಗದೆ ನಿಲ್ಲುತ್ತೀರಾ?

ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಜ್ಜನೇ ಇರುವ ಮನೆಗಳು ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಲ್ಲಿ ನಡೆದಾಗ ಇಂಥ ಜಮೀನುಗಳ ಲೆಕ್ಕ ಹತ್ತಾರು ಲಕ್ಷಕ್ಕೆ ಏರಿತು. ಮನೆಯವರಿಗೆ ಇದು ದಿನನಿತ್ಯ ಕಾಡುವುದಿಲ್ಲ, ಬಿತ್ತನೆ ನಿಲ್ಲುವುದಿಲ್ಲ. ಬರ ಬಂದಾಗ ಗೊತ್ತಾಗುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬೆಳೆ ಪರಿಹಾರದ ಹಣ ಹೋದದ್ದು ರೈತರ ನೋಂದಣಿಯ ಫ್ರೂಟ್ಸ್ ಐಡಿಗೆ ಜೋಡಿಸಿದ ಪಹಣಿ ಹಿಡಿದು. ಪಿಎಂ ಕಿಸಾನ್‌ನ ವರ್ಷದ ಆರು ಸಾವಿರಕ್ಕೂ ಹೊಲ ಹೆಸರಿನಲ್ಲಿರಬೇಕು. ಆ ಯೋಜನೆಯಲ್ಲಿ 2019ರ ಫೆಬ್ರವರಿ 1ರ ನಂತರ ಜಮೀನು ಪಡೆದವರಿಗೆ ಅವಕಾಶವಿಲ್ಲ, ಆದರೆ ಖಾತೆದಾರರು ತೀರಿಕೊಂಡು ವಾರಸಾದಿಂದ ಬಂದವರಿಗೆ ವಿನಾಯಿತಿ ಇದೆ. ಆ ವಿನಾಯಿತಿ ಕೈಗೆ ಹತ್ತಬೇಕಾದರೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರಬೇಕು.

ತಳಕಲ್ಲಿನಲ್ಲಿ ಪೌತಿ ತುರ್ತಾಗಲು ಇನ್ನೊಂದು ಕಾರಣವೂ ಉಂಟು. ಗದಗ-ವಾಡಿ ರೈಲು ಮಾರ್ಗ ಕವಲೊಡೆಯುವುದು ನಮ್ಮ ಸ್ಟೇಶನ್ನಿನಿಂದ. ಕುಕನೂರು, ಯಲಬುರ್ಗಾ ದಾಟಿದ ಹಳಿಯ ಮೇಲೆ 2025ರ ಮೇ ತಿಂಗಳಿನಿಂದ ಕುಷ್ಟಗಿ-ಹುಬ್ಬಳ್ಳಿ ರೈಲು ಓಡುತ್ತಿದೆ. ಹಳಿ, ಹೆದ್ದಾರಿ, ಕಾಲೇಜು ಇರುವ ಊರಿನ ಸುತ್ತ ಭೂಮಿಯ ಬೆಲೆ ಏರುತ್ತದೆ. ಭೂಸ್ವಾಧೀನದ ನೋಟಿಸು ಬರುವುದು ದಾಖಲೆಯಲ್ಲಿರುವ ಹೆಸರಿಗೆ. ಆ ಹೆಸರಿನವರು ಬದುಕಿಲ್ಲದಿದ್ದರೆ ಪರಿಹಾರದ ದುಡ್ಡಿಗಿಂತ ಮೊದಲು ಮನೆಯೊಳಗೆ ಜಗಳ ಬಂದು ಕೂರುತ್ತದೆ.

ಹಾಗಾದರೆ ವಾರಸಾ ತೀರ್ಮಾನಿಸುವವರನ್ನು ನಾವು ಆರಿಸುತ್ತೇವೆಯೇ? ಅಮೆರಿಕದ ಅಲಬಾಮಾ, ಜಾರ್ಜಿಯಾದಂಥ ರಾಜ್ಯಗಳಲ್ಲಿ ಸತ್ತವರ ಉಯಿಲು, ಆಸ್ತಿ, ವಾರಸುದಾರಿಕೆ ನೋಡುವ ಪ್ರೊಬೇಟ್ ನ್ಯಾಯಾಧೀಶರನ್ನು ಆಯಾ ಕೌಂಟಿಯ ಜನರೇ ಮತ ಹಾಕಿ ಆರಿಸುತ್ತಾರೆ.  ನಮ್ಮಲ್ಲಿ ಹಾಗಿಲ್ಲ. ಹೊಲದ ವಾರಸಾ ಬದಲಾವಣೆ ಕಂದಾಯ ಇಲಾಖೆಯ ಕೆಲಸ, ತಕರಾರು ಬೆಳೆದರೆ ಸಿವಿಲ್ ಕೋರ್ಟು. ತಹಶೀಲ್ದಾರರನ್ನಾಗಲಿ ನ್ಯಾಯಾಧೀಶರನ್ನಾಗಲಿ ನಾವು ಆರಿಸುವುದಿಲ್ಲ. ಪಂಚಾಯಿತಿ ಸದಸ್ಯರಿಗೆ ಪಹಣಿ ತಿದ್ದುವ ಅಧಿಕಾರವಿಲ್ಲ. ಇದೆಯೆಂದು ಹೇಳಿ ಮತ ಕೇಳುವವರನ್ನು ನಂಬಬೇಡಿ.

ಆದರೂ ಸದಸ್ಯರು ಯಾರೆಂಬುದು ಈ ವಿಷಯದಲ್ಲಿ ಬಹಳ ದೊಡ್ಡದು. ಯಾಕೆಂದರೆ ಪೌತಿ ಖಾತೆಗೆ ಬುನಾದಿ ವಂಶವೃಕ್ಷ. ಅರ್ಜಿ ನಾಡಕಚೇರಿಗೆ ಹೋದ ಮೇಲೆ ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು, ಸತ್ತವರಿಗೆ ಹೆಂಡತಿ ಮಕ್ಕಳು ಎಷ್ಟು ಜನ, ಯಾರು ಎಲ್ಲಿದ್ದಾರೆ ಎಂದು ನಾಲ್ಕು ಜನರನ್ನು ಕೇಳಿ ಪಂಚನಾಮೆ ಬರೆಯುತ್ತಾರೆ. ಆ ನಾಲ್ಕು ಸಹಿಗಳಲ್ಲಿ ಪಂಚಾಯಿತಿ ಸದಸ್ಯರಂಥ ಊರಿನ ಪ್ರಮುಖರ ಸಹಿ ಇರುತ್ತದೆ. ಮದುವೆಯಾಗಿ ಕುಷ್ಟಗಿಗೋ ಗಂಗಾವತಿಗೋ ಹೋದ ಮಗಳ ಹೆಸರು ಬಿಟ್ಟುಹೋಗುವುದು ಇದೇ ಜಾಗದಲ್ಲಿ. ಸಹಿ ಹಾಕುವವರಿಗೆ ಅವಳು ಗೊತ್ತು, ಅವಳ ಮದುವೆಯಲ್ಲಿ ಉಂಡವರು. ಆದರೆ ಅರ್ಜಿ ಕೊಟ್ಟ ಅಣ್ಣ ಅವರ ಗುಂಪಿನವನು, ಕಳೆದ ಸಲ ಅವರ ಪರ ಓಡಾಡಿದವನು. ಹೀಗಾಗಿ ಸುಮ್ಮನೆ ಸಹಿ ಬೀಳುತ್ತದೆ.

ಆಮೇಲೆ ಸರಿಪಡಿಸುವ ಭಾರವೆಲ್ಲ ಅವಳ ಮೇಲೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ದಾಖಲೆಯಲ್ಲಿ ಏನಿದೆಯೋ ಅದೇ ಸತ್ಯ, ಬೇರೆಯದು ಸಾಬೀತಾಗುವವರೆಗೆ. ಸಾಬೀತು ಮಾಡಬೇಕಾದವಳು ಕೂಲಿ ಬಿಟ್ಟು, ಮಗು ಕಟ್ಟಿಕೊಂಡು ಕೋರ್ಟಿಗೆ ಅಲೆಯಬೇಕು. ಅದೂ ಕಾನೂನು ತನ್ನ ಕಡೆಗಿದ್ದಾಗ! ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲೆಂದು ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದಿತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿ ಇಲ್ಲ. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಬಗೆಹರಿಸಿತು: ಬದುಕಿರಬೇಕಿಲ್ಲ. ಮುಸ್ಲಿಂ ಮನೆಗಳಲ್ಲಿ ಪಾಲಿನ ಲೆಕ್ಕ ಬೇರೆ, ಮಗಳ ಪಾಲು ಮಗನ ಅರ್ಧ, ಆದರೆ ಪಾಲಂತೂ ಇದ್ದೇ ಇದೆ. ತವರಿನ ಮೇಲಿನ ಪ್ರೀತಿಗೆ ತನ್ನ ಪಾಲು ಬಿಟ್ಟುಕೊಡುವ ಮಗಳು ಬಿಡಲಿ, ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರದಲ್ಲಿ ತಾನೇ ಓದಿ ಸಹಿ ಮಾಡಿ ಬಿಡಲಿ. ಅವಳು ಹುಟ್ಟಿಯೇ ಇಲ್ಲ ಎಂಬಂತೆ ವಂಶವೃಕ್ಷ ಬರೆಯುವುದು ಬೇಡ.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಬುದ್ಧಿವಂತಿಕೆಯ ಕಾನೂನು ಅದು. ಕಾಗದದ ಮೇಲೆ ಪ್ರತಿ ಅಭ್ಯರ್ಥಿಯೂ ಸ್ವತಂತ್ರ. ವಾಸ್ತವದಲ್ಲಿ ಯಾವ ಪಕ್ಷದ ಬೆಂಬಲಿಗ, ಯಾವ ಸಾಹುಕಾರರ ಕಡೆಯವ ಎಂಬುದು ನಾಮಪತ್ರಕ್ಕೆ ಮೊದಲೇ ಊರಿಗೆ ಗೊತ್ತಿರುತ್ತದೆ. 2020ರಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳು ಹರಾಜಾದ ಸುದ್ದಿಯೂ ಬಂತು, ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹಣ ಕೊಟ್ಟು ಸ್ಥಾನ ಹಿಡಿದವರು ನಿಮ್ಮ ಮಗಳ ಪರವಾಗಿ ಪಂಚನಾಮೆಯಲ್ಲಿ ಬಾಯಿ ಬಿಡುತ್ತಾರೆಂದು ನನಗೆ ನಂಬಿಕೆಯಿಲ್ಲ. ಯಾರ ಋಣವೂ ಇಲ್ಲದವರು ನಿಂತರೆ, ಅವರ ಹತ್ತಿರ ಹಂಚಲು ಏನೂ ಇಲ್ಲವೆಂದು ಕೈಬಿಡಬೇಡಿ. ಅಂಥವರು ನಿಲ್ಲುವ ಮನಸ್ಸಿದ್ದೂ ಹಿಂಜರಿಯುತ್ತಿದ್ದರೆ, ನೀವೇ ಹೋಗಿ ಕೇಳಿಕೊಳ್ಳಿ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು; ಆ ಸ್ಥಾನಗಳಲ್ಲಿ ಗಂಡನ ಹೆಸರು ಹೇಳಿ ಮತ ಕೇಳಿದರೆ, ಸಹಿ ಹಾಕುವವರು ಯಾರೆಂದು ಆಕೆಯನ್ನೇ ಕೇಳಿ.

ಅವರಿಂದ ಏನು ಮಾತು ತೆಗೆದುಕೊಳ್ಳಬೇಕು? ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ಪೌತಿ ಬಾಕಿ ಇರುವ ಮನೆಗಳ ಪಟ್ಟಿ ಓದಿಸುತ್ತೇನೆ, ಗ್ರಾಮ ಆಡಳಿತಾಧಿಕಾರಿಯನ್ನು ಆ ದಿನ ಅಲ್ಲಿಗೆ ಕರೆಸಲು ಪ್ರಯತ್ನಿಸುತ್ತೇನೆ, ಹೆಣ್ಣುಮಕ್ಕಳ ಹೆಸರಿಲ್ಲದ ವಂಶವೃಕ್ಷಕ್ಕೆ ಸಾಕ್ಷಿ ಹಾಕುವುದಿಲ್ಲ ಎಂದು ಕಟ್ಟೆಯ ಮೇಲೆ, ಎಲ್ಲರೆದುರು ಹೇಳಲಿ. ಗ್ರಾಮಠಾಣದ ಮನೆಗಳ ವಿಷಯದಲ್ಲಂತೂ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅವುಗಳ ಖಾತೆ ಇರುವುದು ಪಂಚಾಯಿತಿಯಲ್ಲೇ. ಇ-ಸ್ವತ್ತಿನ ನಮೂನೆ 9, 11 ಅಲ್ಲಿಂದಲೇ ಬರಬೇಕು, ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವ ಅರ್ಜಿ ಅಲ್ಲೇ ಕೊಡಬೇಕು.

ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಪೌತಿ ಮಾಡಿಸಿದರೆ ಹೊಲ ಒಡೆದುಹೋಗುತ್ತದೆಂಬ ಅಂಜಿಕೆಗೆ ಎಷ್ಟೋ ಅಣ್ಣತಮ್ಮಂದಿರು ಕೈಕಟ್ಟಿ ಕೂತಿದ್ದಾರೆ. ಹಾಗಾಗುವುದಿಲ್ಲ. ಪೌತಿಯಲ್ಲಿ ಎಲ್ಲರ ಹೆಸರು ಜಂಟಿಯಾಗಿ ಕೂರುತ್ತದೆ ಅಷ್ಟೆ, ಹೊಲ ಇದ್ದಂತೆಯೇ ಇರುತ್ತದೆ. ಹೊಲ ಒಡೆದು ತೋರಿಸುವ 11ಇ ನಕ್ಷೆ ಬೇಕಾಗುವುದು ಮುಂದೆ ವಾಟ್ನಿ, ಅಂದರೆ ಪಾಲು, ಮಾಡುವಾಗ. ಸಾವನ್ನು 21 ದಿನದೊಳಗೆ ನೋಂದಾಯಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ವಾರಸಾದಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಕೊಡಬೇಕೆಂದು ಭೂಕಂದಾಯ ಕಾಯ್ದೆ 128ನೇ ಕಲಮಿನಲ್ಲಿ ಹೇಳುತ್ತದೆ; ತಡವಾಗಿದ್ದರೆ ಈಗಲಾದರೂ ಕೊಡಿ. ಅರ್ಜಿಯ ನೋಟಿಸು ಚಾವಡಿಯಲ್ಲಿ ಅಂಟಿಸಿದಾಗ ನಿಂತು ಓದಿ, ಓದಲು ಬಾರದವರಿಗೆ ಓದಿ ಹೇಳಿ. ಬೇರೆ ಊರಿನಲ್ಲಿರುವ ಅಕ್ಕ-ತಂಗಿಯರಿಗೆ ಫೋನ್ ಮಾಡಿ ತಿಳಿಸಿ, ತಕರಾರು ಕೊಡಲು ಅವಧಿ ಇರುವಾಗಲೇ.

ಮತದಾನಕ್ಕೆ ಮೊದಲು ನಿಮ್ಮ ಮನೆಯ ಉತಾರ ತೆಗೆದು, ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ನೋಡಿಕೊಳ್ಳಿ. ಮತ ಕೇಳಲು ಬಂದವರ ಕೈಗೆ ಮೊದಲು ಅದನ್ನು ಕೊಡಿ.