ಅರ್ಜಿ ಹಾಕೋಣ, ಕೈಮುಗಿಯೋದು ಬೇಡ

1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಗಿದೆ ಅಂತ ಮುಂಬಯಿ ಸರಕಾರ ಒಪ್ಪಿತು. ಒಪ್ಪಿಯೂ ಬಾಗಿಲು ತೆಗೆಯಲಿಲ್ಲ. ಒಬ್ಬನಿಗಾಗಿ ಮಿಕ್ಕವರ ಶಾಲೆ ಕೆಡಬಾರದು ಅನ್ನೋದು ಅದರ ವಾದ. ನ್ಯಾಯ ನಿಮ್ಮದು, ಜಾಗ ನಮ್ಮದು ಅನ್ನೋ ಈ ಮಾತು ಇವತ್ತು ಶಾಲೆಯ ಬಾಗಿಲಲ್ಲಿ ಕೇಳಿಸದಿರಬಹುದು. ಆದರೆ ಪಿಎಚ್.ಡಿ. ಸಂದರ್ಶನದ ಕೋಣೆಯಲ್ಲಿ ಇನ್ನೂ ಪಿಸುಗುಟ್ಟುತ್ತಿದೆ.

ಗೆಳೆಯರೇ, ಈ ಸಲ ನಾವು ಬರೆಯುತ್ತಿರೋದು ಶಿಕ್ಷಣ ವಿಷಯದಲ್ಲೇ ಪಿಎಚ್.ಡಿ.ಗೆ ಅರ್ಜಿ ಹಾಕುವ ಬಗ್ಗೆ. ನಮ್ಮ ಹುಡುಗ ಹುಡುಗಿಯರು ಬಿ.ಎಡ್. ಮುಗಿಸಿ ನಿಲ್ಲುತ್ತಾರೆ. ಮೇಷ್ಟ್ರ ಕೆಲಸ ಸಿಕ್ಕರೆ ಸಾಕು ಅನ್ನೋದು ತಪ್ಪಲ್ಲ. ಕೂಲಿ ಮಾಡಿ ಓದಿಸಿದ ಅಪ್ಪ ಅವ್ವನ ಹೊಟ್ಟೆ ಮೊದಲು. ಆದರೆ ಪಠ್ಯದಲ್ಲಿ ಏನಿರಬೇಕು, ಮೇಷ್ಟ್ರಾಗುವವರಿಗೆ ಏನು ಕಲಿಸಬೇಕು ಅಂತ ತೀರ್ಮಾನಿಸುವ ಕುರ್ಚಿಗಳು ವಿಶ್ವವಿದ್ಯಾಲಯದಲ್ಲಿವೆ. ಆ ಕುರ್ಚಿಗೆ ಮೆಟ್ಟಿಲು ಪಿಎಚ್.ಡಿ.

ಕೇರಿಯ ಮಕ್ಕಳು ಯಾಕೆ ಶಾಲೆ ಬಿಡ್ತಾರೆ ಅಂತ ಥೀಸಿಸ್ ಬರೆಯೋರು ಪ್ರಶ್ನಾವಳಿ ಹಿಡಿದು ಬರ್ತಾರೆ. ಟಿಕ್ಕು ಹಾಕೋರು ನಮ್ಮ ಮಕ್ಕಳು, ಡಾಕ್ಟರಾಗೋರು ಅವರು. ಕೊನೆಗೆ 'ಪೋಷಕರ ನಿರಾಸಕ್ತಿ' ಅಂತ ಷರಾ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದರಲ್ಲ, ಅದು ಯಾವ ಪ್ರಶ್ನಾವಳಿಯ ಎಷ್ಟನೇ ಪ್ರಶ್ನೆ? ಆ ಪ್ರಶ್ನೆ ಹಾಕಬೇಕಾದವರು ನಾವು. ಬಾಬಾಸಾಹೇಬರು 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾಕ್ಕೆ ಹೋದರು. 1916ರಲ್ಲಿ ಅಲ್ಲಿ ಜಾತಿಯ ಹುಟ್ಟಿನ ಮೇಲೆ ಪ್ರಬಂಧ ಮಂಡಿಸಿದರು. ಜಾತಿಯನ್ನು ಉಂಡವರೇ ಜಾತಿಯನ್ನು ಕುಯ್ದು ನೋಡಿದ್ದು ಹಾಗೆ.

ಅರ್ಜಿಗೆ ಮುಂಚೆ ಲೆಕ್ಕ ಗೊತ್ತಿರಲಿ. ಯುಜಿಸಿಯ 2022ರ ನಿಯಮದಂತೆ ಎಂ.ಎ., ಎಂ.ಎಡ್.ನಲ್ಲಿ 55 ಪರ್ಸೆಂಟು ಬೇಕು. ನಮಗೆ 5 ರಿಯಾಯಿತಿ, ಅಂದರೆ 50. ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸಿದರೆ ಬರವಣಿಗೆಗೆ 70, ಸಂದರ್ಶನಕ್ಕೆ 30. ಪ್ರೊಫೆಸರ್ ಒಬ್ಬರ ಕೈಕೆಳಗೆ 8 ಜನ, ಅಸೋಸಿಯೇಟ್ ಪ್ರೊಫೆಸರಿಗೆ 6, ಅಸಿಸ್ಟೆಂಟಿಗೆ 4. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತಗೊಳ್ಳೋ ಹಾಗಿಲ್ಲ. ಇದರರ್ಥ ಏನು? ಅಧ್ಯಾಪಕರ ಹುದ್ದೆ ಖಾಲಿ ಬಿಟ್ಟರೆ ಸೀಟೇ ಹುಟ್ಟೋದಿಲ್ಲ. ಬ್ಯಾಕ್‌ಲಾಗ್ ಹುದ್ದೆ ತುಂಬಿ ಅನ್ನೋ ನಮ್ಮ ಕೂಗು ಬೇರೆಯಲ್ಲ, ಪಿಎಚ್.ಡಿ. ಸೀಟು ಬೇರೆಯಲ್ಲ.

ಇನ್ನು ಆ 30 ಅಂಕದ ಕಥೆ. ಬರವಣಿಗೆಯಲ್ಲಿ ಹೆಸರು ಕಾಣೋದಿಲ್ಲ. ಸಂದರ್ಶನದಲ್ಲಿ ಹೆಸರು, ಊರು, ಇಂಗ್ಲಿಷು, ಅಪ್ಪನ ಕಸುಬು ಎಲ್ಲ ಕಾಣುತ್ತೆ. ದಿಲ್ಲಿಯ ಜೆಎನ್‌ಯುನಲ್ಲಿ ಅಬ್ದುಲ್ ನಫೇ ಸಮಿತಿ ಬರವಣಿಗೆಯ ಅಂಕ, ಸಂದರ್ಶನದ ಅಂಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿತು. ತಾರತಮ್ಯ ಕಂಡಿತು. ಸಂದರ್ಶನಕ್ಕೆ 30 ಬೇಡ, 15 ಸಾಕು ಅಂತ 2016ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಯುಜಿಸಿ ಮಾಡಿದ್ದೇನು? ಬರವಣಿಗೆ ಬರೀ ಪಾಸಾಗೋದಕ್ಕೆ, ಆಯ್ಕೆಯೆಲ್ಲ ಸಂದರ್ಶನದಲ್ಲಿ ಅಂತ ನಿಯಮ ತಂದಿತು. ವಿದ್ಯಾರ್ಥಿಗಳು ಬೀದಿಗಿಳಿದರು. 2018ರಲ್ಲಿ ತಿದ್ದುಪಡಿಯಾಗಿ 70-30 ಬಂತು. ಆ 70 ಯಾರೂ ಕೊಟ್ಟ ಭಿಕ್ಷೆಯಲ್ಲ.

ಸೀಟು ಸಿಕ್ಕಿದ ಮೇಲೂ ಮುಗಿಯೋದಿಲ್ಲ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ 2016ರ ಜನವರಿ 17ರಂದು ನಮ್ಮನ್ನು ಅಗಲಿದಾಗ ಅವನಿಗೆ 7 ತಿಂಗಳ ಫೆಲೋಷಿಪ್ ಬರಬೇಕಿತ್ತು. ಹಾಗಾಗಿ ಒಬ್ಬಂಟಿಯಾಗಿ ಯಾರೂ ಹೋಗಬೇಡಿ. ಮೊದಲೇ ಸೇರಿದ ಅಣ್ಣ ಅಕ್ಕಂದಿರನ್ನು ಹುಡುಕಿ. ಸಾರಲೇಖವನ್ನು ಅವರ ಮುಂದೆ ಓದಿ, ತಿದ್ದಿಸಿಕೊಳ್ಳಿ. 'ನಿಮಗೆ ಈ ವಿಷಯ ಕಷ್ಟ, ಸುಲಭದ್ದು ತಗೊಳ್ಳಿ' ಅಂದರೆ ತಲೆ ಆಡಿಸಬೇಡಿ. ನಿಮ್ಮ ಊರ ಶಾಲೆಯ ಬಗ್ಗೆ ನಿಮ್ಮ ಪ್ರಶ್ನೆ ಹಿಡಿದೇ ಕೂತುಕೊಳ್ಳಿ. ಆಯ್ಕೆಯಾಗದಿದ್ದರೆ ಹಣೆಬರಹ ಅಂತ ಮನೆಗೆ ಬರಬೇಡಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅಂಕ ಕೇಳಿ, ರೋಸ್ಟರ್ ಕೇಳಿ.

ವಿಶ್ವವಿದ್ಯಾಲಯಗಳನ್ನು ನಾವು ಕೇಳೋದು ಮೂರು. ಮಾರ್ಗದರ್ಶಕರು ಯಾರು, ಯಾರ ಬಳಿ ಎಷ್ಟು ಜಾಗ, ಅದರಲ್ಲಿ ಮೀಸಲು ಎಷ್ಟು ಅಂತ ಅರ್ಜಿ ಕರೆಯುವ ದಿನವೇ ಗೋಡೆಗೆ ಹಚ್ಚಿ. ಬರವಣಿಗೆಯ ಅಂಕ, ಸಂದರ್ಶನದ ಅಂಕ ಬೇರೆ ಬೇರೆ ಪ್ರಕಟಿಸಿ. ಫೆಲೋಷಿಪ್ ತಿಂಗಳು ತಿಂಗಳು ಕೊಡಿ.

1882ರಲ್ಲಿ ಜೋತಿಬಾ ಫುಲೆಯವರು ಹಂಟರ್ ಆಯೋಗಕ್ಕೆ ಹೇಳಿದ್ದೂ ಇದೇ: ರೈತ, ಕೂಲಿಯವನ ದುಡ್ಡಿನಲ್ಲಿ ಮೇಲಿನವರಷ್ಟೇ ಓದುತ್ತಿದ್ದಾರೆ. ಆ ದುಡ್ಡು ನಮ್ಮದು. ಆ ಕಟ್ಟಡಕ್ಕೆ ಕಲ್ಲು ಹೊತ್ತ ಬೆನ್ನು ನಮ್ಮದು. ಈಗ ಅರ್ಜಿಯೂ ನಮ್ಮದಾಗಲಿ. ತುಂಬಿ, ಕಳಿಸಿ, ತಿರಸ್ಕರಿಸಿದರೆ ಕಾರಣ ಬರೆದು ಕೊಡಿ ಅಂತ ಅಲ್ಲೇ ನಿಲ್ಲಿ.

ಜೈಭೀಮ್.