‘ನೋಡೋಣ’ ಎಂಬ ಮಾತಿಗೆ ತೆರುವ ಬೆಲೆ

ಮಲೆನಾಡಿನ ಕೃಷಿಕರ ಮಾತು ಅಸ್ಪಷ್ಟವೆಂದು ಯಾರೂ ದೂರಲಾರರು. ಸುರಿಯುವುದು ಬರಿಯ ಮಳೆಯಲ್ಲ. ಆರಿದ್ರೆಯೋ ಪುನರ್ವಸುವೋ ಪುಷ್ಯವೋ ಎಂದು ನಕ್ಷತ್ರ ಹಿಡಿದೇ ಹೇಳುತ್ತಾರೆ. ಮಂಡಿಗೆ ಒಯ್ದ ಅಡಿಕೆ ಚಾಲಿಯೋ ರಾಶಿಯೋ ಬೆಟ್ಟೆಯೋ ಗೊರಬಲೋ ಎಂಬುದು ನಿಷ್ಕರ್ಷೆಯಾಗದೆ ದರದ ಮಾತೇ ಏಳುವುದಿಲ್ಲ. ಕಾನು, ಹಾಡಿ, ಬೇಣ, ಸೊಪ್ಪಿನಬೆಟ್ಟ ಎಂದು ಒಂದೊಂದು ಬಗೆಯ ನೆಲಕ್ಕೂ ಒಂದೊಂದು ಹೆಸರಿದೆ.

ಇಷ್ಟು ಖಚಿತವಾದ ನುಡಿಯುಳ್ಳ ನಾವು, ಊರಿನ ಕಾಡು ಹೊಳೆಗಳ ಅಳಿವು ಉಳಿವಿನ ಪ್ರಶ್ನೆ ಬಂದೊಡನೆ ತೊದಲುವುದೇಕೆ? ‘ರಸ್ತೆ ಅಗಲ ಆಗುತ್ತದಂತೆ’, ‘ಸ್ವಲ್ಪ ಮರ ಹೋಗುತ್ತದಂತೆ’, ‘ಏನೋ ಪರಿಹಾರ ಬರುತ್ತದಂತೆ’, ‘ನೋಡೋಣ’. ಚಾವಡಿಯಲ್ಲಿ, ಬಸ್ಸಿನಲ್ಲಿ, ಹಾಲಿನ ಡೇರಿಯ ಮುಂದೆ ದಿನನಿತ್ಯ ಕೇಳುವ ಈ ಮಾತುಗಳನ್ನು ಬಿಡಿಸಿ ನೋಡಿ. ‘ಅಂತೆ’ ಎಂಬುದು ಹೇಳಿದವರನ್ನು ಮರೆಮಾಡುತ್ತದೆ. ‘ಆಗುತ್ತದೆ’, ‘ಹೋಗುತ್ತದೆ’ ಎಂಬವು ಮಾಡುವವರನ್ನು ಮರೆಮಾಡುತ್ತವೆ. ಮರ ತಾನಾಗಿ ಎದ್ದು ಹೋಗುವುದಿಲ್ಲ. ಕಡಿಯುವವರಿದ್ದಾರೆ, ಕಡಿಯಲು ಅಪ್ಪಣೆ ನೀಡುವವರಿದ್ದಾರೆ. ‘ಸ್ವಲ್ಪ’ ಎಂಬುದು ಲೆಕ್ಕವನ್ನು ನುಂಗುತ್ತದೆ. ‘ನೋಡೋಣ’ ಎಂಬುದಂತೂ ನಮ್ಮ ನಿಲುವನ್ನೇ ಇಲ್ಲವಾಗಿಸುತ್ತದೆ.

ಇದು ನಮ್ಮ ಸೌಜನ್ಯ, ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನುವುದು ನಮ್ಮ ಸಂಪ್ರದಾಯವಲ್ಲ ಎಂದು ಕೆಲವರು ಸಮರ್ಥಿಸುತ್ತಾರೆ. ನೆಂಟರು ಮದುವೆಗೆ ಕರೆದಾಗ ‘ನೋಡೋಣ’ ಎಂದರೆ ಯಾರಿಗೂ ನಷ್ಟವಿಲ್ಲ. ಇಬ್ಬರಿಗೂ ಅದರ ಅರ್ಥ ಗೊತ್ತು. ಯೋಜನೆ ಹೊತ್ತು ಬಂದವರಿಗೆ ಆ ಅರ್ಥ ಬೇಕಾಗಿಲ್ಲ. ಜನರು ಸ್ಪಷ್ಟವಾಗಿ ವಿರೋಧಿಸಲಿಲ್ಲವೆಂಬುದಷ್ಟೇ ಅವರಿಗೆ ಸಾಕು. ನಮ್ಮ ಸಂಕೋಚವು ಕಡತ ಸೇರುವಷ್ಟರಲ್ಲಿ ಸಮ್ಮತಿಯಾಗಿರುತ್ತದೆ.

ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯನ್ನೇ ಗಮನಿಸಿ. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ನೀಡಬೇಕೆಂದು ಅದು ವಿಧಿಸುತ್ತದೆ. ಆದರೆ ಇಂತಿಷ್ಟು ಜನ ಸೇರಲೇಬೇಕೆಂಬ ಕೋರಂ ಅಲ್ಲಿಲ್ಲ. ಮನೆಯಲ್ಲಿ ಕುಳಿತು ‘ನೋಡೋಣ’ ಎಂದವರಿಗಾಗಿ ಸಭೆ ಕಾಯುವುದಿಲ್ಲ. ಅದೇ ಅಧಿಸೂಚನೆ ನಮಗೊಂದು ಅಸ್ತ್ರವನ್ನೂ ಕೊಟ್ಟಿದೆ: ಸಭೆಯ ಕೊನೆಗೆ ನಡಾವಳಿಯ ಸಾರಾಂಶವನ್ನು ಜನರ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು. ಗೊಣಗಿದ್ದು ದಾಖಲಾಗದು. ‘ಇಂಥ ಸರ್ವೆ ನಂಬರಿನಲ್ಲಿ ನಮ್ಮ ಕುಡಿಯುವ ನೀರಿನ ಸೆಲೆಯಿದೆ, ನಮ್ಮ ವಿರೋಧವಿದೆ’ ಎಂದರೆ ಅದನ್ನು ಬರೆದುಕೊಳ್ಳಲೇಬೇಕು. ಬರೆಯದಿದ್ದರೆ ಅಲ್ಲಿಯೇ ಎದ್ದುನಿಂತು ಕೇಳಬಹುದು.

ಮಸುಕು ಮಾತು ಕಾಡಿನ ಪರವಾಗಿಯೂ ಕೆಲಸ ಮಾಡುವುದಿಲ್ಲ. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂದಾಗಿನಿಂದ ಘಟ್ಟದ ಊರುಗಳಲ್ಲಿ ‘ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರಂತೆ’ ಎಂಬ ಮಾತು ಹರಿದಾಡಿತು. 2024ರ ಜುಲೈ 31ರ ಕರಡು ಅಧಿಸೂಚನೆ ನಿಷೇಧಿಸಹೊರಟದ್ದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ ಮತ್ತು ಭಾರಿ ಕಟ್ಟಡಗಳನ್ನು. ಕೃಷಿಕರ ಮನೆ, ತೋಟ ಆ ಪಟ್ಟಿಯಲ್ಲಿಲ್ಲ. ಓದಿ ವಿರೋಧಿಸುವವರನ್ನು ಗೌರವಿಸೋಣ; ‘ಅಂತೆ’ಯನ್ನು ನಂಬಿ ವಿರೋಧಿಸುವುದು ಕ್ವಾರಿಯ ಒಡೆಯರಿಗೆ ನಾವು ಮಾಡುವ ಬಿಟ್ಟಿ ಚಾಕರಿ.

‘ಪರಿಸರ ಉಳಿಸಿ’ ಎಂದು ಕೂಗುವ ನಾವೂ ಈ ದೋಷದಿಂದ ಮುಕ್ತರಲ್ಲ. ಯಾವ ಪರಿಸರ? ಉಳಿಸಬೇಕಾದವರು ಯಾರು? ಹಿಂದಿನವರ ನುಡಿ ಹಾಗಿರಲಿಲ್ಲ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತಾಗ ಆ ಚಳವಳಿ ‘ಅಪ್ಪಿಕೋ’ ಎನಿಸಿತು. 1987ರಲ್ಲಿ ಕುಸನೂರಿನ ಜನ ಊರೊಟ್ಟಿನ ನೆಲದ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟದ್ದು ‘ಕಿತ್ತಿಕೋ-ಹಚ್ಚಿಕೋ’ ಎನಿಸಿತು. ಹೆಸರುಗಳೇ ಕ್ರಿಯಾಪದಗಳು, ಮಾಡಬೇಕಾದುದೇನೆಂಬ ಸಂದೇಹಕ್ಕೆ ಅಲ್ಲಿ ಎಡೆಯಿಲ್ಲ.

ಆದುದರಿಂದ ಬಂಧುಗಳೇ, ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ‘ಆಗುತ್ತದಂತೆ’ ಎಂದರೆ ಅಲ್ಲಿಯೇ ತಡೆದು ಕೇಳಿ: ಮಾಡುವವರು ಯಾರು? ಎಷ್ಟು ಎಕರೆ, ಎಷ್ಟು ಮರ? ಯಾವ ಆದೇಶದಂತೆ, ಯಾವ ದಿನಾಂಕದಿಂದ? ವಿದ್ಯಾರ್ಥಿ ಮಿತ್ರರು ಉತ್ತರಗಳನ್ನು ಬರೆದಿಟ್ಟುಕೊಳ್ಳಲಿ. ಉತ್ತರ ದೊರೆಯದಿದ್ದಲ್ಲಿ, ದೊರೆಯಲಿಲ್ಲವೆಂಬುದನ್ನೇ ನಡಾವಳಿಯಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.