ನಮ್ಮ ನೆಲ, ಅವರ ಜರಡಿ

ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು. ಸಾಮಾನ್ಯವಾಗಿ ಅದೇ ತಿಂಗಳ ಕೊನೆಯ ಭಾನುವಾರ ಕ್ಯಾಟ್ ಪರೀಕ್ಷೆ. ಮ್ಯಾನೇಜ್‌ಮೆಂಟ್ ಕಲಿಸುವ ಐಐಎಂಗಳ ಬಾಗಿಲು ಕಾಯುವ ಈ ಪರೀಕ್ಷೆಯಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ತಮಿಳಿಲ್ಲ, ಹಿಂದಿಯೂ ಇಲ್ಲ. ಇಂಗ್ಲಿಷ್ ಒಂದೇ.

ಬೆಂಗಳೂರಿನ ಐಐಎಂ ಶುರುವಾದದ್ದು 1973ರಲ್ಲಿ. ಬನ್ನೇರುಘಟ್ಟ ರಸ್ತೆಯಲ್ಲಿ ಅದಕ್ಕೆ ನೂರು ಎಕರೆ ಕೊಟ್ಟದ್ದು ಕರ್ನಾಟಕ ಸರ್ಕಾರ. ಬಿ.ವಿ. ದೋಶಿ ವಿನ್ಯಾಸ ಮಾಡಿದ ಆ ಕಲ್ಲಿನ ಮೊಗಸಾಲೆಗಳು ಚೆಂದವೇ, ಇಲ್ಲವೆನ್ನುವುದಿಲ್ಲ. ನೆಲ ನಮ್ಮದು. ಒಳಗೆ ಯಾರು ಕೂರಬೇಕೆಂದು ತೀರ್ಮಾನಿಸುವ ಭಾಷೆ ಮಾತ್ರ ನಮ್ಮದಲ್ಲ.

ಡಾಕ್ಟರಾಗಲು ನೀಟ್ ಬರೆಯಿರಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುತ್ತದೆ. ಎಂಜಿನಿಯರಿಂಗ್‌ಗೆ ಜೆಇಇ ಮೇನ್, 2021ರಿಂದ ಅದೂ ಕನ್ನಡದಲ್ಲಿದೆ. ಐಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು, ಸಂದರ್ಶನದಲ್ಲೂ ಕನ್ನಡದಲ್ಲೇ ಉತ್ತರ ಹೇಳಬಹುದು. ಅಂದರೆ ಎದೆ ಕೊಯ್ಯುವವರನ್ನು, ಜಿಲ್ಲೆ ಆಳುವವರನ್ನು ಕನ್ನಡದಲ್ಲಿ ಆರಿಸಬಹುದು. ಸೋಪು, ಶಾಂಪೂ ಮಾರುವವರನ್ನು ಮಾತ್ರ ಆರಿಸಲಾಗದು!

2024ರ ಕ್ಯಾಟ್‌ನಲ್ಲಿ 68 ಪ್ರಶ್ನೆಗಳಿದ್ದವು. ಅವುಗಳಲ್ಲಿ 24 ನೇರವಾಗಿ ಇಂಗ್ಲಿಷ್ ಓದಿನವು. ಮಿಕ್ಕದ್ದು ಲೆಕ್ಕ, ತರ್ಕ ತಾನೇ ಎನ್ನುವವರು ಆ ಪತ್ರಿಕೆಯನ್ನೊಮ್ಮೆ ಬಿಡಿಸಿ ನೋಡಲಿ. ಐವರು ಗೆಳೆಯರು, ಆರು ಊರು, ಯಾರ ಪಕ್ಕ ಯಾರು ಕೂತರು ಎಂಬ ಅರ್ಧ ಪುಟದ ಒಗಟು, ಅದೂ ಇಂಗ್ಲಿಷಿನಲ್ಲೇ. ಒಂದು ವಿಭಾಗಕ್ಕೆ ನಲವತ್ತೇ ನಿಮಿಷ. ಕಾನ್ವೆಂಟಿನ ಹುಡುಗ ಓದುತ್ತಲೇ ಲೆಕ್ಕ ಹಾಕುತ್ತಾನೆ. ಸಿಂಧನೂರಿನ ಸರ್ಕಾರಿ ಶಾಲೆಯಲ್ಲಿ ಕಲಿತ ಹುಡುಗಿ ಮೊದಲು ವಾಕ್ಯವನ್ನು ಗೆಲ್ಲಬೇಕು, ಆಮೇಲೆ ಲೆಕ್ಕವನ್ನು. ಆತುರಪಟ್ಟು ಆಯ್ಕೆ ತಪ್ಪಿದರೆ ಒಂದು ಅಂಕ ಕಡಿತ. ಕೊನೆಗೆ ಬರುವುದು ಪರ್ಸೆಂಟೈಲ್: ಅವಳಿಗೆಷ್ಟು ಗೊತ್ತು ಎಂದಲ್ಲ, ಎಷ್ಟು ಜನರಿಗಿಂತ ಮುಂದಿದ್ದಾಳೆ ಎಂದು. ಭಾಷೆಗೆ ಕಳೆದುಕೊಂಡ ನಿಮಿಷಗಳನ್ನು ಹೀಗೆ ಬುದ್ಧಿಯ ಕೊರತೆಯೆಂದು ಬರೆದುಕೊಳ್ಳುತ್ತಾರೆ. ಇದಕ್ಕೆ ಮೆರಿಟ್ ಎಂದು ಹೆಸರು.

ಅಲ್ಲಿಗೂ ಬಿಡುವುದಿಲ್ಲ. ಸಂದರ್ಶನಕ್ಕೆ ಕರೆಯುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನೂ ಕೆದಕುತ್ತಾರೆ. ಹದಿನೈದನೇ ವಯಸ್ಸಿನಲ್ಲಿ ಮನೆಯಲ್ಲಿ ಓದುವುದಕ್ಕೊಂದು ಮೂಲೆಯಿತ್ತೇ, ಟ್ಯೂಷನ್‌ಗೆ ದುಡ್ಡಿತ್ತೇ ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿಲ್ಲ. ಅನುಭವಕ್ಕೆ ಅಂಕವುಂಟು, ಆದರೆ ಪದವಿಯ ನಂತರದ ಕೆಲಸಕ್ಕೆ ಮಾತ್ರ. ರಜೆಯಲ್ಲಿ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊತ್ತು, ಭತ್ತದ ದರ ಬೆಳಿಗ್ಗೆಯಿಂದ ಸಂಜೆಯೊಳಗೆ ಹೇಗೆ ಬೀಳುತ್ತದೆಂದು ಕಣ್ಣಾರೆ ಕಂಡವನ ವ್ಯಾಪಾರಜ್ಞಾನ ಶೂನ್ಯ!

ವ್ಯವಹಾರದ ಭಾಷೆಯೇ ಇಂಗ್ಲಿಷ್ ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾರ ವ್ಯವಹಾರ? ಚಿಕ್ಕಪೇಟೆಯಲ್ಲಿ ಇಂಗ್ಲಿಷಿನಲ್ಲಿ ಚೌಕಾಸಿ ಮಾಡಿ ನೋಡಿ. ಇಂಗ್ಲಿಷ್ ಬೇಕಾದರೆ ಒಳಗೆ ಕರೆದುಕೊಂಡು ಕಲಿಸಿ. ಕಲಿಸುವುದಕ್ಕೇ ತಾನೇ ಸಂಸ್ಥೆ ಇರುವುದು? ಎರಡು ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಶುಲ್ಕ ಪಡೆಯುವವರಿಗೆ ಒಬ್ಬ ಭಾಷಾಂತರಕಾರನನ್ನು ಇಟ್ಟುಕೊಳ್ಳುವುದು ಹೊರೆಯೇ?

ಇದು ಅಸಡ್ಡೆಯಲ್ಲ, ಬೇಲಿ. ಕರ್ನಾಟಕದಿಂದ 28 ಜನ ಲೋಕಸಭೆಯಲ್ಲಿ ಕೂತಿದ್ದಾರೆ. ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಶಾಲು ಹೊದ್ದು ನಿಮ್ಮೂರಿಗೆ ಬಂದಾಗ ನಿಲ್ಲಿಸಿ ಕೇಳಿ: ಕ್ಯಾಟ್ ಕನ್ನಡದಲ್ಲಿ ಯಾವಾಗ?